ಕೋಣೆಗೊಂದು ಫೋನು, ಮನೆಗೆಲ್ಲ ಒಂದೇ ಲೈನು

ಒಂದು ಲೈನಿಗೆ ಮೂರು ನಾಲ್ಕು ಹ್ಯಾಂಡ್‌ಸೆಟ್ಟುಗಳನ್ನು ಕೂಡಿಸಿ ಮಾರುವ ಕಾರ್ಡ್‌ಲೆಸ್ ಟೆಲಿಫೋನು ಸಂಸಾರಸ್ಥರು ಕೊಳ್ಳಲು ಯೋಗ್ಯವಾದುದೇ ಎಂದು ನಮ್ಮ ವಾಚಕರಲ್ಲಿ ಹಲವರು ಕೇಳಿರುವರು. ಕೊಂಡವರಲ್ಲಿ ಕೆಲವರು ತಮ್ಮ ಸುಖದುಃಖಗಳನ್ನು ಬರೆದಿರುವರು. ಎಲ್ಲರ ಜೇಬಿನಲ್ಲಿಯೂ ಮೊಬೈಲು ಇರುವ ಈ ಕಾಲದಲ್ಲಿ ಇದರ ಮಾತೇಕೆಂದು ಪಟ್ಟಣದ ತರುಣರು ನಗಬಹುದು. ನಗುವವರು ಆಷಾಢದಲ್ಲಿ ಮಲೆನಾಡಿನ ಅಡಿಕೆತೋಟದ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರಲಿ. ಸಿಗ್ನಲ್ಲು ಬೇಕಾದರೆ ಛತ್ರಿ ಹಿಡಿದು ಗುಡ್ಡ ಹತ್ತಬೇಕಾದ ಮನೆಗಳು ಅಲ್ಲಿ ಇಂದಿಗೂ ಉಂಟು. ಪಟ್ಟಣದಲ್ಲಿಯೂ, ಗಾಜಿನ ಮೇಲೆ ಬೆರಳಾಡಿಸುವ ಫೋನು ಒಗ್ಗದೆ, ಒತ್ತಿದ್ದು ಬೆರಳಿಗೆ ತಿಳಿಯುವಂಥ ಗುಂಡಿಗಳನ್ನೇ ಬಯಸುವ ವೃದ್ಧರು ಎಷ್ಟೋ ಮನೆಗಳಲ್ಲಿರುವರು. ಆದುದರಿಂದ ಈ ತಿಂಗಳು ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಯಂತ್ರದ ಕ್ರಮ ಹೀಗಿದೆ. ಗೋಡೆಯಿಂದ ಬರುವ ಲೈನು ಸೇರುವುದು ಒಂದು ಪೀಠಕ್ಕೆ; ಅಂಗಡಿಯವರು ಇದನ್ನು ಬೇಸ್ ಎನ್ನುವರು. ಹ್ಯಾಂಡ್‌ಸೆಟ್ಟುಗಳಿಗೆ ಲೈನಿನ ಸಂಬಂಧವಿಲ್ಲ. ಒಂದೊಂದಕ್ಕೂ ಚಾರ್ಜು ಮಾಡಿಕೊಳ್ಳಲು ಒಂದು ಪುಟ್ಟ ಆಸನ, ಅದಕ್ಕೊಂದು ಪ್ಲಗ್ಗು, ಇಷ್ಟೇ. ಪೀಠದೊಡನೆ ಅವು ರೇಡಿಯೋ ಅಲೆಗಳ ಮೂಲಕ ಮಾತನಾಡುವುವು. ಯೂರೋಪಿನಲ್ಲಿ 1992ರಲ್ಲಿ ರೂಪುಗೊಂಡ ಡೆಕ್ಟ್ ಎಂಬ ಕ್ರಮವನ್ನೇ ಈಗಿನ ಯಂತ್ರಗಳಲ್ಲಿ ಹೆಚ್ಚಿನವು ಅನುಸರಿಸುವುವು. (ಈ ಕ್ರಮವನ್ನೇ ಆಧಾರವಾಗಿಟ್ಟುಕೊಂಡು ಮದರಾಸಿನ ಐ.ಐ.ಟಿ.ಯ ಅಶೋಕ್ ಝುನ್‌ಝುನ್‌ವಾಲಾ ಅವರೂ ಅವರ ಸಂಗಡಿಗರೂ 1990ರ ದಶಕದಲ್ಲಿ ಕಾರ್‌ಡೆಕ್ಟ್ ಎಂಬುದನ್ನು ನಿರ್ಮಿಸಿ, ತಂತಿ ಎಳೆಯುವುದು ಕಷ್ಟವಾಗಿದ್ದ ಹಳ್ಳಿಗಳಿಗೆ ಟೆಲಿಫೋನು ಮುಟ್ಟಿಸಿದ್ದನ್ನು ಇಲ್ಲಿ ನೆನೆಯದೆ ಇರಲಾರೆವು.) ಅಲೆಗಳು ಮನೆಯೊಳಗೆ 50 ಮೀಟರು, ಬಯಲಿನಲ್ಲಿ 300 ಮೀಟರು ಮುಟ್ಟುವುವೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಬಯಲಿನಲ್ಲಿ ಸಂಸಾರ ಮಾಡುವವರು ಯಾರು? ದಪ್ಪ ಮಣ್ಣಿನ ಗೋಡೆ, ಜಂಬಿಟ್ಟಿಗೆಯ ಗೋಡೆ, ಕಬ್ಬಿಣ ಕಟ್ಟಿದ ತಾರಸಿ ಇವುಗಳನ್ನು ದಾಟುವಷ್ಟರಲ್ಲಿ ಅಲೆಯ ಶಕ್ತಿ ಬಹಳ ಕುಗ್ಗುವುದು. ಕಬ್ಬಿಣದ ಬೀರುವಿನ ಮಗ್ಗುಲಲ್ಲಿ ಪೀಠವನ್ನಿಟ್ಟು, ಅಡುಗೆಮನೆಗೂ ಕೇಳದೆಂದು ಗೊಣಗುತ್ತಿದ್ದ ಗೃಹಸ್ಥರೊಬ್ಬರು, ಅದನ್ನು ನಡುಮನೆಯ ಎತ್ತರದ ಗೂಡಿಗೆ ವರ್ಗಾಯಿಸಿದ ಮೇಲೆ ಹಿತ್ತಿಲ ಬಾವಿಕಟ್ಟೆಯವರೆಗೂ ಸ್ಪಷ್ಟವಾಗಿ ಕೇಳುತ್ತಿದೆಯೆಂದು ತಿಳಿಸಿರುವರು.

ಕೊಂಡವರೆಲ್ಲರೂ ಒಕ್ಕೊರಲಿನಿಂದ ಹೊಗಳಿರುವುದು ಹೊರಗಿನವರೊಡನೆ ಮಾತನಾಡುವ ಅನುಕೂಲವನ್ನಲ್ಲ; ಮನೆಯವರೇ ಒಬ್ಬರೊಡನೊಬ್ಬರು ಮಾತನಾಡುವ ಅನುಕೂಲವನ್ನು. ಒಂದು ಹ್ಯಾಂಡ್‌ಸೆಟ್ಟಿನಿಂದ ಇನ್ನೊಂದಕ್ಕೆ ಖರ್ಚಿಲ್ಲದೆ ಕರೆಯಬಹುದು. ಮೈಸೂರಿನ ಸೋದರಿಯೊಬ್ಬರ ಮನೆಯಲ್ಲಿ ಮಂಡಿನೋವಿನ ಅತ್ತೆಯವರು ಕೆಳಗೆ, ಮಗ ಸೊಸೆ ಮಹಡಿಯ ಮೇಲೆ. ಮೊದಲು ರಾತ್ರಿಯ ಹೊತ್ತು ಅತ್ತೆಯವರಿಗೆ ಏನಾದರೂ ಬೇಕಾದರೆ ಊರುಗೋಲಿನಿಂದ ಮಂಚದ ಕಾಲನ್ನು ಬಡಿಯುತ್ತಿದ್ದರಂತೆ. ಮಳೆಯ ಸದ್ದಿನಲ್ಲಿ ಅದು ಮೇಲಕ್ಕೆ ಕೇಳುತ್ತಿರಲಿಲ್ಲ. ಈಗ ದಿಂಬಿನ ಪಕ್ಕದಲ್ಲಿ ಹ್ಯಾಂಡ್‌ಸೆಟ್ಟು. ಎರಡು ಗುಂಡಿಯೊತ್ತಿದರೆ ಮಹಡಿಯಲ್ಲಿ ಗಂಟೆ. “ಅತ್ತೆಯವರಿಗೆ ನಿದ್ರೆ ಬರತೊಡಗಿತು, ನನಗೂ ಬರತೊಡಗಿತು” ಎಂದು ಆಕೆ ಹೇಳುವರು. ವೃದ್ಧರಿರುವ ಮನೆಗೆ ಇದೊಂದೇ ಗುಣಕ್ಕಾಗಿ ಈ ಯಂತ್ರವನ್ನು ತರಬಹುದೆಂಬುದು ನಮ್ಮ ಅಭಿಪ್ರಾಯ.

ಹ್ಯಾಂಡ್‌ಸೆಟ್ಟು ಕಳೆದುಹೋಗುವುದು ಎಲ್ಲ ಮನೆಗಳಲ್ಲಿಯೂ ಇದ್ದದ್ದೇ. ಪೀಠದ ಮೇಲಿನ ಒಂದು ಗುಂಡಿಯನ್ನು ಒತ್ತಿದರೆ ಎಲ್ಲ ಹ್ಯಾಂಡ್‌ಸೆಟ್ಟುಗಳೂ ಕೂಗುವುವು. ಹಾಸಿಗೆಯ ಸುರುಳಿಯಲ್ಲಿದ್ದುದೂ ಅಕ್ಕಿಡಬ್ಬದ ಹಿಂದೆ ಇದ್ದುದೂ ಸಿಕ್ಕಿಬೀಳುವುವು.

ಇನ್ನು ಕದ್ದು ಕೇಳುವ ವಿಷಯ. ಹಳೆಯ ತರದ ಕಾರ್ಡ್‌ಲೆಸ್ ಫೋನುಗಳಲ್ಲಿ ನೆರೆಮನೆಯವರ ಸಂಭಾಷಣೆ ನಮ್ಮ ಮನೆಯಲ್ಲಿ ಕೇಳಿಬರುವುದುಂಟಾಗಿತ್ತು. ಡೆಕ್ಟಿನಲ್ಲಿ ಮಾತು ಅಂಕಿಗಳಾಗಿ ಮಾರ್ಪಟ್ಟು ಹೋಗುವುದರಿಂದ ಅಂಥ ಆಕಸ್ಮಿಕ ಇಲ್ಲ. ಆದರೂ 2008ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಸೇರಿದ ಸಮ್ಮೇಳನವೊಂದರಲ್ಲಿ, ಡೆಕ್ಟಿನ ಮಾತನ್ನೂ ಪಟ್ಟು ಹಿಡಿದು ಕೇಳಲು ಸಾಧ್ಯವೆಂದು ತಜ್ಞರು ತೋರಿಸಿಕೊಟ್ಟಿರುವರು. ಬ್ಯಾಂಕಿನ ಗುಟ್ಟಿನ ಅಂಕಿಗಳನ್ನು ಯಾವ ಫೋನಿನಲ್ಲಿಯೂ ಉಚ್ಚರಿಸದಿರುವುದೇ ಲೇಸು. ನಮಗೆ ಬಂದಿರುವ ದೂರುಗಳಾದರೋ ಬೀದಿಯ ಕಳ್ಳರ ಮೇಲಲ್ಲ, ಒಳಮನೆಯ ಕಿವಿಗಳ ಮೇಲೆ! ಸೊಸೆ ತೌರಿನವರೊಡನೆ ಮಾತನಾಡುವಾಗ ನಡುಮನೆಯ ಹ್ಯಾಂಡ್‌ಸೆಟ್ಟನ್ನು ಎತ್ತಿ ಗುಂಡಿಯೊತ್ತಿದರೆ ಹಲವು ಮಾದರಿಗಳಲ್ಲಿ ಸಂಭಾಷಣೆಯೊಳಕ್ಕೆ ಪ್ರವೇಶ ದೊರೆಯುವುದು. ಹೀಗಾಗದಂತೆ ತಡೆಯುವ ಏರ್ಪಾಡು ಕೆಲವು ಯಂತ್ರಗಳಲ್ಲಿ ಉಂಟು. ಕೈಪುಸ್ತಕದಲ್ಲಿ ಹುಡುಕಿದರೆ ಸಿಕ್ಕುವುದು. ಆ ಪುಟವನ್ನು ಮನೆಯ ಯಜಮಾನರೇ ಓದಿ, ಯಾರಿಗೂ ಹೇಳದೆ ಏರ್ಪಾಡು ಮಾಡಿಬಿಟ್ಟರೆ ಮನೆಯಲ್ಲಿ ಮಾತು ಬೆಳೆಯದು.

ಬ್ಯಾಟರಿಯ ವಿಷಯದಲ್ಲಿ ಬಹುಮಂದಿ ಹಣ ಕಳೆದುಕೊಳ್ಳುತ್ತಿರುವರು. ವರ್ಷವೆರಡು ವರ್ಷದಲ್ಲಿ ಹ್ಯಾಂಡ್‌ಸೆಟ್ಟು ಹತ್ತು ನಿಮಿಷ ಮಾತನಾಡುವಷ್ಟರಲ್ಲಿ ಮೂಗನಾದರೆ, ಯಂತ್ರವೇ ಕೆಟ್ಟಿತೆಂದು ಮೂಲೆಗೆ ಎಸೆಯುವರು. ಕೆಟ್ಟಿರುವುದು ಸಾಮಾನ್ಯವಾಗಿ ಒಳಗಿನ ಎರಡು ಸಣ್ಣ ಸೆಲ್ಲುಗಳು ಮಾತ್ರ. ಅವು ನಿಕಲ್ ಮೆಟಲ್ ಹೈಡ್ರೈಡ್ ಎಂಬ ಜಾತಿಯವು, ಒಂದೊಂದೂ 1.2 ವೋಲ್ಟು. ಮತ್ತೆ ಮತ್ತೆ ಚಾರ್ಜಾಗುವ ಅದೇ ಜಾತಿಯ ಸೆಲ್ಲುಗಳನ್ನೇ ತಂದು ಹಾಕಬೇಕು. ಗಡಿಯಾರಕ್ಕೆ ಹಾಕುವ ಸಾದಾ ಸೆಲ್ಲನ್ನು ಹಾಕಿ ಚಾರ್ಜಿಗಿಟ್ಟರೆ ಸೋರುವುದು, ಒಡೆಯುವುದೂ ಉಂಟು. ಹೊಸ ಸೆಲ್ಲು ಹಾಕಿದ ದಿನ ಆರೇಳು ಗಂಟೆಗಳ ಕಾಲ ಹ್ಯಾಂಡ್‌ಸೆಟ್ಟನ್ನು ಮುಟ್ಟದೆ ಆಸನದಲ್ಲಿ ಬಿಡತಕ್ಕದ್ದು.

ಅಮೆರಿಕೆಯಿಂದ ಮಕ್ಕಳು ಪ್ರೀತಿಯಿಂದ ತಂದುಕೊಟ್ಟ ಯಂತ್ರಗಳ ವಿಚಾರವಾಗಿಯೂ ಕೆಲವರು ಬರೆದಿರುವರು. ಅಲ್ಲಿನ ಅಡಾಪ್ಟರು 120 ವೋಲ್ಟಿನದು; ನಮ್ಮ 230 ವೋಲ್ಟಿನ ಗೋಡೆಗೆ ನೇರವಾಗಿ ಚುಚ್ಚಿದರೆ ಕ್ಷಣದಲ್ಲಿ ಸುಟ್ಟು ವಾಸನೆ ಬರುವುದು. ಅಡಾಪ್ಟರನ್ನು ಬದಲಾಯಿಸಿದರೂ ತೊಡಕು ತೀರದು. ಯೂರೋಪಿನ ಕ್ರಮದ ಯಂತ್ರಗಳು 1880ರಿಂದ 1900 ಮೆಗಾಹರ್ಟ್ಸಿನಲ್ಲಿ ಮಾತನಾಡಿದರೆ, ಅಮೆರಿಕೆಯ ಡೆಕ್ಟ್ 6.0 ಎಂಬುದು 1920ರಿಂದ 1930ರಲ್ಲಿ ಮಾತನಾಡುವುದು. ಆ ದಾರಿ ನಮ್ಮಲ್ಲಿ ಮೊಬೈಲು ಕಂಪನಿಗಳದು; 3ಜಿ ಅಲೆಗಳ ಪಟ್ಟಿಯೊಳಗೆ ಅದು ಬರುವುದು. ಒಂದು ಮನೆಯ ಫೋನು ಸುತ್ತಲಿನವರ ಮೊಬೈಲಿಗೆ ತೊಂದರೆ ಕೊಡಬಹುದು. ಮಗನ ಉಡುಗೊರೆಯನ್ನು ಹಿಂದಿರುಗಿಸಲು ಯಾವ ತಾಯಿಗೂ ಮನಸ್ಸು ಬಾರದು. ಆದುದರಿಂದ ತರುವ ಮೊದಲೇ ಮಗನಿಗೆ ಬರೆಯುವುದು ಯುಕ್ತ.

ಇಷ್ಟು ಹೊತ್ತು ಹೇಳಿದುದೆಲ್ಲ ಅನುಕೂಲ ಅನನುಕೂಲಗಳ ಮಾತು. ಈಗ ಹೇಳುವುದು ಪ್ರಾಣಕ್ಕೆ ಸಂಬಂಧಪಟ್ಟದ್ದು.

ಹೊಸನಗರದ ಕಡೆಯ ಒಂದು ತೋಟದ ಮನೆ. ನಾಲ್ಕು ಹ್ಯಾಂಡ್‌ಸೆಟ್ಟುಗಳ ಯಂತ್ರ ತಂದು ಒಂದು ವರ್ಷವಾಗಿತ್ತು. ಮಳೆಗಾಲದ ರಾತ್ರಿ ಮರ ಬಿದ್ದು ಕರೆಂಟು ಹೋಯಿತು. ಸುಮಾರು ಎರಡು ಗಂಟೆಯ ವೇಳೆಗೆ ಮನೆಯ ಹಿರಿಯರಿಗೆ ಉಸಿರು ಕಟ್ಟತೊಡಗಿತು. ಮಗ ಹ್ಯಾಂಡ್‌ಸೆಟ್ಟು ಎತ್ತಿದರೆ ಬ್ಯಾಟರಿ ತುಂಬಿದೆ, ದೀಪ ಉರಿಯುತ್ತಿದೆ, ಡಯಲ್ ಟೋನು ಮಾತ್ರ ಇಲ್ಲ. ಇನ್ನೊಂದನ್ನು ಎತ್ತಿದರು, ಮತ್ತೊಂದನ್ನು ಎತ್ತಿದರು, ನಾಲ್ಕೂ ಹಾಗೆಯೇ. ಲೈನೇ ಸತ್ತಿದೆಯೆಂದು ಅವರು ಜೀಪು ತೆಗೆಯಲು ಓಡಿದರು. ಅಷ್ಟರಲ್ಲಿ ಸೊಸೆಗೆ ಅಟ್ಟದ ಮೇಲಿದ್ದ ಹಳೆಯ ತಂತಿಯ ಫೋನು ನೆನಪಾಯಿತು. ಲಾಟೀನು ಹಿಡಿದು ಹತ್ತಿ, ಧೂಳು ಕೊಡಹಿ, ಪೀಠದ ಲೈನನ್ನು ಕಿತ್ತು ಅದಕ್ಕೆ ಸಿಕ್ಕಿಸಿದರೆ ಟೋನು ಬಂದೇ ಬಂದಿತು! 108ಕ್ಕೂ ಪರಿಚಯದ ವೈದ್ಯರಿಗೂ ಕರೆ ಹೋಯಿತು. ವೈದ್ಯರು ಬರುವವರೆಗೆ ರೋಗಿಯನ್ನು ಹೇಗೆ ಕೂರಿಸಬೇಕೆಂದು ಫೋನಿನಲ್ಲಿಯೇ ಹೇಳುತ್ತಿದ್ದರು. ಹಿರಿಯರು ಬದುಕಿಕೊಂಡರು.

ಕಾರಣ ಸರಳವಾಗಿದೆ. ತಾಮ್ರದ ತಂತಿಯ ಲೈನಿನಲ್ಲಿ ಮಾತಿನೊಡನೆ ಟೆಲಿಫೋನು ಕಚೇರಿಯ ಬ್ಯಾಟರಿಗಳಿಂದ ಸುಮಾರು 48 ವೋಲ್ಟಿನ ಶಕ್ತಿಯೂ ಹರಿದು ಬರುವುದು. ಹಳೆಯ ಫೋನು ಅದನ್ನೇ ಉಂಡು ಬದುಕುವುದು. ಕಾರ್ಡ್‌ಲೆಸ್ ಪೀಠಕ್ಕೆ ಆ ಶಕ್ತಿ ಸಾಲದು. ಅದಕ್ಕೆ ಮನೆಯ ವಿದ್ಯುತ್ತೇ ಬೇಕು. ಪೀಠ ಮಲಗಿದರೆ ಹ್ಯಾಂಡ್‌ಸೆಟ್ಟುಗಳಿಗೆ ಲೈನೂ ಇಲ್ಲ, ತಮ್ಮತಮ್ಮೊಳಗೆ ಮಾತೂ ಇಲ್ಲ; ಮೇಲೆ ಹೇಳಿದ ಮೈಸೂರಿನ ಅತ್ತೆಯವರ ಗಂಟೆಯೂ ಅಂದು ಬಾರಿಸದು. ಅಂಗಡಿಯಲ್ಲಿ ಈ ಮಾತನ್ನು ತಾವಾಗಿ ಹೇಳುವವರನ್ನು ನಾವು ಕಂಡಿಲ್ಲ.

ಹೀಗಿರಲಾಗಿ, ತಾಮ್ರದ ಲೈನು ಇರುವ ಮನೆಯವರು ಒಂದು ಹಳೆಯ ತಂತಿಯ ಫೋನನ್ನು ಮಾರದೆ, ಅಟ್ಟಕ್ಕೂ ಏರಿಸದೆ, ಅದೇ ಲೈನಿಗೆ ಕವಲು ಹಾಕಿ ಸದಾ ಜೋಡಿಸಿಟ್ಟಿರಬೇಕು. ಗುಡುಗು ಮಿಂಚಿನ ಹೊತ್ತಿನಲ್ಲಿ ಮಾತ್ರ, ಪ್ರಾಣಸಂಕಟವಿಲ್ಲದಿದ್ದರೆ, ಅದನ್ನು ಹಿಡಿಯಬಾರದು. ಸಿಡಿಲು ತಂತಿಯಗುಂಟ ಬರುವುದು. ಪೀಠದ ಎರಡು ತಂತಿಗಳನ್ನೂ ಮಿಂಚು ಸಮೀಪಿಸುವ ಮುಂಚೆಯೇ ಕಿತ್ತಿಡುವುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ.

ಗಾಜಿನ ಎಳೆಯ ಫೈಬರ್ ಲೈನು ಬಂದಿರುವ ಮನೆಗಳ ಸ್ಥಿತಿ ಬೇರೆ. ಬೆಳಕಿನ ಎಳೆ ವಿದ್ಯುತ್ತನ್ನು ಹೊತ್ತು ತಾರದು. ಆದಕಾರಣ ಅಲ್ಲಿ ತಂತಿಯ ಫೋನು ಕೂಡ, ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಗೆ ಕರೆಂಟು ಇರುವವರೆಗೆ ಮಾತ್ರ ಮಾತನಾಡುವುದು. ಇವರಿಗೆ ಇನ್ವರ್ಟರೇ ಗತಿ. ಆದರೆ ಇನ್ವರ್ಟರು ಇರುವುದೆಂದು ನಿಶ್ಚಿಂತರಾಗಿರಲಾಗದು. ಎಷ್ಟೋ ಮನೆಗಳಲ್ಲಿ ಅದು ದೀಪಕ್ಕೂ ಫ್ಯಾನಿಗೂ ಮಾತ್ರ ಸೇರಿದ್ದು, ಫೋನಿನ ಪ್ಲಗ್ಗು ಅದರ ಹೊರಗೇ ಉಳಿದಿರುವುದು. ಫೈಬರ್ ಪೆಟ್ಟಿಗೆಗೆಂದೇ ಪೇಟೆಯಲ್ಲಿ ಪುಟ್ಟ ಯು.ಪಿ.ಎಸ್.ಗಳು ದೊರೆಯುವುವು. ಅವುಗಳ ವೋಲ್ಟೇಜನ್ನು ನೋಡದೆ ಫೋನಿನ ಪೀಠಕ್ಕೂ ಅದನ್ನೇ ಸಿಕ್ಕಿಸಬಾರದು. ಪ್ಯಾನಸೋನಿಕ್ಕಿನ ಕೆಲವು ಮಾದರಿಗಳಲ್ಲಿ ಕರೆಂಟು ಹೋದಾಗ ಪೀಠದ ಮೇಲೆ ಕುಳಿತಿರುವ ಹ್ಯಾಂಡ್‌ಸೆಟ್ಟಿನ ಬ್ಯಾಟರಿಯೇ ಪೀಠವನ್ನು ನಡೆಸುವ ಉಪಾಯವನ್ನಿಟ್ಟಿರುವರು. ಅಂಥದನ್ನು ಕೊಂಡವರು ಆ ಒಂದನ್ನು ಎತ್ತಿಕೊಂಡು ಹೋಗದೆ ಪೀಠದ ಮೇಲೆಯೇ ಬಿಟ್ಟು, ಬೇರೊಂದರಲ್ಲಿ ಮಾತನಾಡಬೇಕು.

ಯಾವುದೇ ಲೈನಿರಲಿ, ಬರುವ ಭಾನುವಾರ ಹಗಲು ಹೊತ್ತಿನಲ್ಲಿ ಮನೆಯ ಮೇನ್ ಸ್ವಿಚ್ಚನ್ನು ಆರಿಸಿ, ನೆಂಟರೊಬ್ಬರಿಗೆ ಕರೆ ಹೋಗುವುದೇ ನೋಡಿರಿ. ಗುಂಡಿಯನ್ನು ನೀವು ಒತ್ತಬೇಡಿರಿ. ರಾತ್ರಿ ಒಂಟಿಯಾಗಿ ಮಲಗುವ ತಾಯಿಯವರೋ ತಂದೆಯವರೋ ಮನೆಯಲ್ಲಿದ್ದರೆ ಅವರ ಕೈಯಿಂದಲೇ ಒತ್ತಿಸಿರಿ.