ಮೊದಲು ರಿಜಿಸ್ಟರ್ ಮಾಡಿಸಿ, ಆಮೇಲೆ ದುಡ್ಡು ಕೇಳಿ

ನನ್ನ ವಯಸ್ಸಿನ ಸಾಫ್ಟ್‌ವೇರ್ ಮಂದಿ ಮನೆ ಕೊಳ್ಳೋ ರೀತಿ ನೋಡಿದ್ರೆ ನನಗೊಂದು ಅನುಮಾನ ಬರುತ್ತೆ. ಇವರು ಆಫೀಸಿನಲ್ಲಿ ನಾನು ನೋಡೋ ಅದೇ ಮನುಷ್ಯರಾ ಅಂತ. ಮೂರು ಸಾಲು ಕೋಡ್ ಬದಲಾದ್ರೆ ಇಬ್ಬರು ರಿವ್ಯೂ ಮಾಡದೆ ಮುಂದೆ ಬಿಡದ ಜನ, ಭಾನುವಾರ ಬಿಲ್ಡರ್ ಆಫೀಸಿನ ಏಸಿಯಲ್ಲಿ ಕೂತು, ಅವರು ಕೊಟ್ಟ ಕಾಫಿ ಕುಡಿದು, ಗಾಜಿನ ಪೆಟ್ಟಿಗೆಯೊಳಗಿನ ಗೊಂಬೆ ಕಟ್ಟಡ ನೋಡಿ, ಸಂಜೆಯೊಳಗೆ ಲಕ್ಷಗಟ್ಟಲೆ ಟ್ರಾನ್ಸ್‌ಫರ್ ಮಾಡಿ ಬರ್ತಾರೆ. ಕೈಗೆ ಸಿಗೋದು ಒಂದು ರಸೀದಿ, ಒಂದು ಬಣ್ಣದ ಬ್ರೋಷರ್. ಕೇಳಿದ್ರೆ "ಬುಕಿಂಗ್ ಅಮೌಂಟ್ ತಾನೇ, ವಾಪಸ್ ಬರುತ್ತೆ ಅಂದಿದ್ದಾರೆ" ಅಂತಾರೆ.

ಯಾರು ಅಂದಿದ್ದು ಸ್ವಾಮಿ? ಸೇಲ್ಸ್ ಹುಡುಗ. ಎಲ್ಲಿ ಬರೆದುಕೊಟ್ಟಿದ್ದಾನೆ? ವಾಟ್ಸಾಪಿನಲ್ಲಿ!

ಕಾನೂನು ಏನು ಹೇಳುತ್ತೆ ಅಂತ ಮೊದಲು ನೋಡೋಣ. ನಾವೆಲ್ಲ ರೇರಾ ಅಂತ ಕರೆಯೋದು 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯನ್ನು. ಅದರ 13ನೇ ಸೆಕ್ಷನ್ ಓದೋಕೆ ಎರಡು ನಿಮಿಷ ಸಾಕು. ಮಾರಾಟದ ಒಪ್ಪಂದವನ್ನು ಬರೆದು, ಅದನ್ನು ರಿಜಿಸ್ಟರ್ ಮಾಡಿಸೋ ತನಕ ಬಿಲ್ಡರ್ ಫ್ಲ್ಯಾಟಿನ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣ ಮುಟ್ಟುವಂತಿಲ್ಲ. ಅಡ್ವಾನ್ಸ್ ಅನ್ನಿ, ಅರ್ಜಿ ಶುಲ್ಕ ಅನ್ನಿ, ಹೆಸರು ಯಾವುದಾದ್ರೂ ಮಿತಿ ಅದೇ. 80 ಲಕ್ಷದ ಫ್ಲ್ಯಾಟ್ ಆದ್ರೆ 8 ಲಕ್ಷ. ಅದರ ಮೇಲೆ ಒಂದು ರೂಪಾಯಿ ಬೇಕಾದ್ರೂ ಮೊದಲು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬರಬೇಕು.

ಇನ್ನು 3ನೇ ಸೆಕ್ಷನ್. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲೋ, ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳನ್ನೋ ಕಟ್ಟಿ ಮಾರೋ ಹೊಸ ಯೋಜನೆಯಾದ್ರೆ, ರೇರಾದಲ್ಲಿ ನೋಂದಣಿ ಆಗೋ ಮುಂಚೆ ಜಾಹೀರಾತು ಕೊಡೋದು, ಬುಕಿಂಗ್ ತಗೊಳ್ಳೋದು ಎರಡೂ ತಪ್ಪು. ಅಂದ್ಮೇಲೆ ಊರ ತುಂಬ ಕೇಳಿಬರೋ "ಪ್ರೀ ಲಾಂಚ್ ಆಫರ್" ಏನು? "ಎಕ್ಸ್‌ಪ್ರೆಶನ್ ಆಫ್ ಇಂಟರೆಸ್ಟ್" ಅಂತ ಇಸ್ಕೊಳ್ಳೋ ಚೆಕ್ ಏನು? ಬುಕಿಂಗಿಗೆ ಇಂಗ್ಲಿಷಿನಲ್ಲಿ ಇನ್ನೊಂದು ನಾಮಕರಣ ಮಾಡಿದ್ರೆ ಕಾನೂನಿಗೆ ಕಣ್ಣು ಕಾಣಲ್ಲ ಅನ್ನೋ ಲೆಕ್ಕಾಚಾರ, ಅಷ್ಟೇ.

ಹೋದ ವರ್ಷ ಯಲಹಂಕದ ಕಡೆ ನಾನೂ ನಾಲ್ಕೈದು ಕಡೆ ಸುತ್ತಿದೆ. ಎಲ್ಲ ಕಡೆ ಕೇಳಿದ್ದು ಒಂದೇ ಪ್ರಶ್ನೆ: "10 ಪರ್ಸೆಂಟ್ ಕೊಡ್ತೀನಿ, ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸಿಕೊಡ್ತೀರಾ?" ಬಂದ ಉತ್ತರಗಳನ್ನ ಮೂರು ಜಾತಿ ಮಾಡಬಹುದು.

ಒಂದು: "ಯಾರೂ ಕೇಳಲ್ಲ ಸಾರ್, ನೀವೇ ಮೊದಲು." ಇದ್ದರೂ ಇರಬಹುದು. ಹೆಲ್ಮೆಟ್ ಹಾಕದವರು ನೂರು ಜನ ಇದ್ದಾರೆ ಅಂತ ನನ್ನ ತಲೆ ಗಟ್ಟಿಯಾಗುತ್ತಾ?

ಎರಡು: "ಸುಮ್ನೆ ನಿಮಗೇ ಖರ್ಚು ಸಾರ್. ಸ್ಟಾಂಪ್ ಪೇಪರಲ್ಲಿ ನೋಟರಿ ಮಾಡಿಸಿಕೊಡ್ತೀವಿ, ಅದೂ ಅಗ್ರಿಮೆಂಟೇ." ನನ್ನ ಖರ್ಚಿನ ಮೇಲೆ ಇವರಿಗೆ ಎಷ್ಟು ಕಾಳಜಿ ನೋಡಿ! ಕಾರ್ ಪಾರ್ಕಿಂಗ್, ಕ್ಲಬ್ ಹೌಸ್, ಲೀಗಲ್ ಚಾರ್ಜ್ ಅಂತ ಪಟ್ಟಿ ಬರೆಯುವಾಗ ಈ ಕಾಳಜಿ ಎಲ್ಲಿ ಹೋಗಿರುತ್ತೋ. ವ್ಯತ್ಯಾಸ ಇಷ್ಟೇ. ರಿಜಿಸ್ಟರ್ ಆದ ಒಪ್ಪಂದ ಋಣಭಾರ ಪತ್ರದಲ್ಲಿ, ಅಂದ್ರೆ ಇಸಿಯಲ್ಲಿ ಕಾಣಿಸುತ್ತೆ. ಅದೇ ಫ್ಲ್ಯಾಟನ್ನ ಇನ್ನೊಬ್ಬನಿಗೆ ಸದ್ದಿಲ್ಲದೆ ಮಾರೋದು ಕಷ್ಟ. ಮಾರಾಟದ ಒಪ್ಪಂದ ಆದಮೇಲೆ ಬಿಲ್ಡರ್ ಅದನ್ನ ಅಡ ಇಟ್ಟರೂ ಕೊಂಡವನ ಹಕ್ಕಿಗೆ ಧಕ್ಕೆ ಇಲ್ಲ ಅಂತ 11ನೇ ಸೆಕ್ಷನ್ ಹೇಳುತ್ತೆ. ನೋಟರಿ ಕಾಗದ ಯಾವ ಇಸಿಯಲ್ಲೂ ಕಾಣಲ್ಲ. ಅದು ಇರೋದು ನಿಮ್ಮ ಬೀರುವಿನಲ್ಲಿ, ಪ್ಲಾಸ್ಟಿಕ್ ಫೋಲ್ಡರಿನೊಳಗೆ.

ಮೂರು: "ನಮ್ಮದು ದೊಡ್ಡ ಬ್ರಾಂಡ್ ಸಾರ್." ಅಮ್ರಪಾಲಿ ಸಣ್ಣದಿತ್ತಾ? ನೋಯ್ಡಾ, ಗ್ರೇಟರ್ ನೋಯ್ಡಾದಲ್ಲಿ 42 ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಕೊನೆಗೆ 2019ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಅದರ ರೇರಾ ನೋಂದಣಿ ರದ್ದು ಮಾಡಿ, ಕಟ್ಟಡ ಮುಗಿಸೋ ಕೆಲಸವನ್ನ ಎನ್‌ಬಿಸಿಸಿಗೆ ವಹಿಸಬೇಕಾಯ್ತು. ಬ್ರಾಂಡ್ ನೋಡಿ ಶೂ ಕೊಳ್ಳಿ, ಬೇಡ ಅನ್ನಲ್ಲ.

"ಎಪ್ಪತ್ತು ಪರ್ಸೆಂಟ್ ಹಣ ಬೇರೆ ಖಾತೆಯಲ್ಲಿ ಭದ್ರವಾಗಿರುತ್ತಲ್ಲ" ಅಂತ ಗೆಳೆಯರು ವಾದ ಮಾಡ್ತಾರೆ. ಹೌದು, ಗ್ರಾಹಕರಿಂದ ಬಂದ ಹಣದಲ್ಲಿ ಶೇಕಡಾ 70 ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಜಮೀನು ಮತ್ತು ಕಟ್ಟಡದ ಖರ್ಚಿಗೆ ಮಾತ್ರ, ಕೆಲಸ ಎಷ್ಟು ಮುಗಿದಿದೆಯೋ ಅಷ್ಟಕ್ಕೆ ತಕ್ಕಂತೆ ತೆಗೀಬೇಕು. ಆದ್ರೆ "ಕೆಲಸ ಇಷ್ಟು ಮುಗಿದಿದೆ" ಅಂತ ಸರ್ಟಿಫಿಕೇಟ್ ಕೊಡೋರು ಒಬ್ಬ ಇಂಜಿನಿಯರ್, ಒಬ್ಬ ಆರ್ಕಿಟೆಕ್ಟ್, ಒಬ್ಬ ಸಿಎ. ಇವರಿಗೆ ಫೀಸು ಕೊಡೋನು ಅದೇ ಬಿಲ್ಡರ್. ನಾನು ಬರೆದ ಕೋಡನ್ನ ನಾನೇ ಸಂಬಳ ಕೊಟ್ಟ ಟೆಸ್ಟರ್ ಪಾಸ್ ಮಾಡಿದ ಹಾಗೆ! ಉಳಿದ ಶೇಕಡಾ 30ಕ್ಕೆ ಆ ಕಾವಲೂ ಇಲ್ಲ. ಇನ್ನು ನೋಂದಣಿಯೇ ಆಗದ ಯೋಜನೆಗೆ ಕೊಟ್ಟ ಚೆಕ್ಕಿಗೆ ಯಾವ ಖಾತೆ, ಯಾವ ಲೆಕ್ಕ?

ಬ್ಯಾಂಕಿನಲ್ಲಿಟ್ಟ ಠೇವಣಿಗೆ 5 ಲಕ್ಷದ ತನಕ ವಿಮೆ ಇದೆ, ಬ್ಯಾಂಕ್ ಮುಳುಗಿದರೂ ಅಷ್ಟು ಬರುತ್ತೆ. ಬಿಲ್ಡರಿಗೆ ಕೊಟ್ಟ ಮುಂಗಡಕ್ಕೆ ಅಂಥ ಯಾವ ವಿಮೆಯೂ ಇಲ್ಲ. ಜೀವನದ ಅತಿ ದೊಡ್ಡ ಖರೀದಿಗೆ ಅತಿ ಕಡಿಮೆ ರಕ್ಷಣೆ. ಇದು ನನ್ನ ಮೊದಲ ತಕರಾರು, ಮತ್ತು ಇದು ಸರ್ಕಾರದ ಮೇಲೆ.

ಎರಡನೇ ತಕರಾರೂ ಅಲ್ಲಿಗೇ. ಹೇಳಿದ ದಿನಕ್ಕೆ ಮನೆ ಕೊಡದಿದ್ರೆ ಪೂರ್ತಿ ಹಣ ಬಡ್ಡಿ ಸಮೇತ ವಾಪಸ್ ಪಡೆಯೋ ಹಕ್ಕು 18ನೇ ಸೆಕ್ಷನ್ನಿನಲ್ಲಿದೆ. ಅದಕ್ಕೆ ಯಾವ ಷರತ್ತೂ ಇಲ್ಲ ಅಂತ 2021ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಿಲ್ಡರ್ ಮೇಲ್ಮನವಿಗೆ ಹೋಗಬೇಕಾದ್ರೆ ಆ ಮೊತ್ತವನ್ನ ಮೊದಲು ಕಟ್ಟಬೇಕು. ಕೇಳೋಕೆ ಎಷ್ಟು ಚೆನ್ನಾಗಿದೆ! ಆದ್ರೆ ಆದೇಶ ಬಂದಮೇಲೂ ಬಿಲ್ಡರ್ ಕೊಡದಿದ್ರೆ ಅದನ್ನ ಭೂಕಂದಾಯದ ಬಾಕಿಯ ಹಾಗೆ ಕಂದಾಯ ಇಲಾಖೆ ವಸೂಲಿ ಮಾಡಬೇಕು. ಕರ್ನಾಟಕದಲ್ಲಿ ಹೀಗೆ ವಸೂಲಾಗದೆ ನೂರಾರು ಕೋಟಿ ರೂಪಾಯಿ ಬಿದ್ದಿದೆ. ಗೆದ್ದವನ ಕೈಯಲ್ಲಿ ಆದೇಶದ ಪ್ರತಿ, ದುಡ್ಡು ಮಾತ್ರ ಬಿಲ್ಡರ್ ಹತ್ತಿರ.

ಅದಕ್ಕೇ ಹೇಳೋದು, ಜಗಳದ ಶಕ್ತಿ ಎಲ್ಲ ದುಡ್ಡು ಕೊಡೋ ಮುಂಚೆ ಇರುತ್ತೆ. ಕೊಟ್ಟ ಮೇಲೆ ಅಲೆದಾಟ ಅಷ್ಟೇ. ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

ನಮ್ಮ ಟೀಮಿನ ಒಬ್ಬರು ಬರೀ ಅಲಾಟ್‌ಮೆಂಟ್ ಲೆಟರ್ ನಂಬಿ 80 ಲಕ್ಷದ ಮನೆಗೆ ಶೇಕಡಾ 20, ಅಂದ್ರೆ 16 ಲಕ್ಷ ಕಟ್ಟಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅವರಪ್ಪನ ನಿವೃತ್ತಿಯ ದುಡ್ಡು. ನಕ್ಷೆ ಬದಲಾಯ್ತು, ಕೆಲಸ ನಿಂತಿತು, ಬೇಡ ಅಂದ್ರು. ಒಂದೂವರೆ ವರ್ಷದಿಂದ ಒಂದೇ ಉತ್ತರ: "ನಿಮ್ಮ ಫ್ಲ್ಯಾಟ್ ಬೇರೆಯವರಿಗೆ ಮಾರಿದ ಮೇಲೆ ಕೊಡ್ತೀವಿ." ಅಪ್ಪ ಈಗ ಫೋನಿನಲ್ಲಿ ಮನೆ ವಿಷಯ ಕೇಳೋದನ್ನೇ ಬಿಟ್ಟಿದ್ದಾರಂತೆ. ಕೇಳದೇ ಇರೋದೇ ಹೆಚ್ಚು ನೋವು ಅಂತ ಅವರು ಕ್ಯಾಂಟೀನಿನಲ್ಲಿ ಹೇಳಿದಾಗ ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ.

"ಒಪ್ಪಂದದಲ್ಲೇ ಕಡಿತದ ಷರತ್ತಿದೆ, ಸಹಿ ಹಾಕಿದ್ದೀರಿ" ಅಂತ ಹೆದರಿಸೋರಿಗೂ ಉತ್ತರ ಇದೆ. ಗ್ರಾಹಕ ತಡ ಮಾಡಿದ್ರೆ ಶೇಕಡಾ 18 ಬಡ್ಡಿ, ಬಿಲ್ಡರ್ ವಾಪಸ್ ಕೊಡುವಾಗ ಶೇಕಡಾ 9 ಅಂತಿದ್ದ ಒಂದು ಏಕಪಕ್ಷೀಯ ಒಪ್ಪಂದಕ್ಕೆ ಗ್ರಾಹಕರು ಬದ್ಧರಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗ್ರಾಹಕನೇ ಹಿಂದೆ ಸರಿದ ಪ್ರಕರಣದಲ್ಲೂ ಶೇಕಡಾ 20 ಮುಟ್ಟುಗೋಲು ಹಾಕೋದು ನ್ಯಾಯವಲ್ಲ, ಶೇಕಡಾ 10 ಸಾಕು ಅಂದ ತೀರ್ಪನ್ನ 2025ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಇದರ ಇನ್ನೊಂದು ಮುಖವನ್ನೂ ಗಮನಿಸಿ: ಸುಮ್ಮನೆ ಮನಸ್ಸು ಬದಲಾಯಿಸಿದ್ರೆ ಆ ಶೇಕಡಾ 10 ಹೋದರೂ ಹೋಯಿತೇ. "ಫುಲ್ ರಿಫಂಡ್" ಅನ್ನೋ ಮಾತು ಬಾಯಲ್ಲಿದ್ರೆ ಸಾಲದು, ರಸೀದಿಯಲ್ಲೇ ಬರೆಸಿಕೊಳ್ಳಿ.

ಮಾಡಬೇಕಾದ್ದು ಬ್ರಹ್ಮವಿದ್ಯೆ ಏನಲ್ಲ. ಕರ್ನಾಟಕ ರೇರಾ ತಾಣಕ್ಕೆ ಹೋಗಿ ಯೋಜನೆಯ ನೋಂದಣಿ ಸಂಖ್ಯೆ, ಮುಗಿಸೋ ದಿನಾಂಕ, ಮೇಲಿರೋ ದೂರು ನೋಡಿ. ಚೆಕ್ ಬರೆಯೋದು ಅಲ್ಲಿ ನೋಂದಣಿಯಾದ ಕಂಪನಿಯ ಹೆಸರಿಗೇ ಇರಲಿ, ಅಣ್ಣನ ಕಂಪನಿ ಭಾವನ ಕಂಪನಿಗೆ ಬೇಡ. ಒಪ್ಪಂದದ ಕರಡನ್ನ ದುಡ್ಡು ಕೊಡೋ ಮುಂಚೆ ಕೇಳಿ, ನಿಮ್ಮದೇ ವಕೀಲರಿಗೆ ತೋರಿಸಿ. "ಮನೆ ಸಿಗೋ ತನಕ ಇಎಂಐ ನಾವೇ ಕಟ್ತೀವಿ" ಅಂದ್ರೆ ಎರಡು ಸಲ ಯೋಚಿಸಿ. ಸಾಲ ನಿಮ್ಮ ಹೆಸರಲ್ಲಿರುತ್ತೆ, ಬಿಲ್ಡರ್ ಕಟ್ಟೋದು ನಿಲ್ಲಿಸಿದ ದಿನ ಬ್ಯಾಂಕಿನ ಫೋನ್ ಬರೋದು ನಿಮಗೆ. ಇಂಥ ಯೋಜನೆಗಳಲ್ಲಿ ಬಿಲ್ಡರು-ಬ್ಯಾಂಕುಗಳ ಒಳಒಪ್ಪಂದದ ಬಗ್ಗೆ 2025ರಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ತನಿಖೆಗೇ ಆದೇಶ ಕೊಟ್ಟಿದೆ.

ಮೂರನೇ ತಕರಾರು ನಮ್ಮ ಮೇಲೆ. "ಇವತ್ತು ಬುಕ್ ಮಾಡದಿದ್ರೆ ನಾಳೆ ರೇಟು ಜಾಸ್ತಿ" ಅಂದ ಕೂಡಲೇ ನಾವೇ ಸಾಲು ನಿಲ್ತೀವಿ. ಹಾಗೆ ನಿಂತ ಪ್ರತಿಯೊಬ್ಬನೂ ಹಿಂದಿನವನ ಬೆಲೆ ಇಳಿಸ್ತಾನೆ, ಯಾಕಂದ್ರೆ ಪ್ರಶ್ನೆ ಕೇಳಿದವನಿಗೆ "ಹಿಂದೆ ಹತ್ತು ಜನ ಇದ್ದಾರೆ" ಅಂತ ತೋರಿಸೋಕೆ ಬಿಲ್ಡರಿಗೆ ಆ ಸಾಲೇ ಬೇಕು. ಒಂದೇ ಯೋಜನೆಗೆ ಹೋಗೋ ಹತ್ತು ಜನ ಸೇರಿ "ರಿಜಿಸ್ಟರ್ ಇಲ್ಲದೆ 10 ಪರ್ಸೆಂಟ್ ಮೇಲೆ ಬಿಡಿಗಾಸೂ ಇಲ್ಲ" ಅಂದು ನೋಡಲಿ. ಅವನು ನಮ್ಮ ಮೇಲೆ ದಯೆ ತೋರಿಸಬೇಕಾಗಿಲ್ಲ, ಕಾನೂನು ಪಾಲಿಸಿದ್ರೆ ಸಾಕು. ಆಗಲ್ಲ ಅಂದ್ರೆ ಅವನು ಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ. ಕಾಫಿಗೇನೂ ಅಡ್ವಾನ್ಸ್ ಕೇಳಲ್ಲ :-)