ಸುರಪುರದ ಹುಡುಗನ ಇಪ್ಪತ್ತು ಸಾವಿರ, ಎನ್‌ವಿಡಿಯಾದ ಐದು ಲಕ್ಷ ಕೋಟಿ

“ಅಣ್ಣಾ, ಇಪ್ಪತ್ ಸಾವಿರದಾಗ ಯಾವ ಗ್ರಾಫಿಕ್ಸ್ ಕಾರ್ಡ್ ಬರ್ತದ?”

ಸುರಪುರದಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿ ಕೇಳಿದ ಪ್ರಶ್ನೆ ಇಷ್ಟೇ. ಡಿಗ್ರಿ ಎರಡನೇ ವರ್ಷದ ಹುಡುಗ. ಮನೆಯಲ್ಲಿ ಯಾವುದೋ ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇದೆ. ಅದರಲ್ಲಿ ಜಿಟಿಎ 5 ಆಡಬೇಕು, ಗೆಳೆಯರು ತೆಗೆಯೋ ಕಾಮಿಡಿ ವಿಡಿಯೋ ಎಡಿಟ್ ಮಾಡಿ ಯೂಟ್ಯೂಬಿಗೆ ಹಾಕಬೇಕು. ದುಡ್ಡು ಅಪ್ಪ ಕೊಟ್ಟಿದ್ದಲ್ಲ, ಎರಡು ಹಂಗಾಮು ಹತ್ತಿ ಬಿಡಿಸಿ, ನಡುವೆ ಮೊಬೈಲ್ ಅಂಗಡಿಯಲ್ಲಿ ಕೂತು ಕೂಡಿಸಿದ್ದು.

ಇದು ಬರೀ ಟೆಕ್ ಪ್ರಶ್ನೆ, ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದು ಅಂದುಕೊಂಡೆ. ಮಾತು ಮುಗಿಯೋ ಹೊತ್ತಿಗೆ ಜಿಎಸ್‌ಟಿ, ಗೃಹಜ್ಯೋತಿ, ಎಐ, ಕಲ್ಯಾಣ ಕರ್ನಾಟಕದ ಅನುದಾನ ಎಲ್ಲವೂ ನಡುವೆ ಬಂದಿದ್ದವು.

ಮೊದಲು ಬೆಲೆಯ ವಿಷಯ. “ಸ್ವಲ್ಪ ದಿನ ತಡಿ, ರೇಟ್ ಇಳೀತದ” ಅನ್ನೋದು ಕಂಪ್ಯೂಟರ್ ಕೊಳ್ಳೋರಿಗೆ ನಾವು ಸದಾ ಕೊಡ್ತಿದ್ದ ಸಲಹೆ. 2021ರಲ್ಲಿ ಕ್ರಿಪ್ಟೋ ಮೈನಿಂಗ್ ಮಾಡೋರು ಕಾರ್ಡುಗಳನ್ನೆಲ್ಲ ಬಾಚಿಕೊಂಡಾಗ ಹೀಗೇ ಕಾದಿದ್ದೆವು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ತನ್ನ ಪದ್ಧತಿ ಬದಲಿಸಿತು, ಕಾರ್ಡುಗಳ ಮೈನಿಂಗ್ ನಿಂತಿತು, ಬೆಲೆ ಇಳೀತು. ಈ ಸಲ ಪೈಪೋಟಿಗೆ ಇರೋದು ಡೇಟಾ ಸೆಂಟರುಗಳು. 2022ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲೂ ಎನ್‌ವಿಡಿಯಾ ಕಂಪನಿಗೆ ಅತಿ ಹೆಚ್ಚು ಆದಾಯ ತಂದದ್ದು ಗೇಮಿಂಗ್. 2025ರ ಅಕ್ಟೋಬರಿಗೆ ಮುಗಿದ ತ್ರೈಮಾಸಿಕದಲ್ಲಿ ಅದರ ಒಟ್ಟು ಆದಾಯ 57 ಬಿಲಿಯನ್ ಡಾಲರ್, ಅದರಲ್ಲಿ ಡೇಟಾ ಸೆಂಟರ್ ಪಾಲು 51 ಬಿಲಿಯನ್ ಚಿಲ್ಲರೆ, ಗೇಮಿಂಗ್ ಪಾಲು 4.3 ಬಿಲಿಯನ್. ಅದೇ ತಿಂಗಳು ಕಂಪನಿಯ ಮಾರುಕಟ್ಟೆ ಮೌಲ್ಯ ಐದು ಲಕ್ಷ ಕೋಟಿ ಡಾಲರ್ ದಾಟಿತ್ತು. ನೂರು ರೂಪಾಯಿ ವ್ಯಾಪಾರದಲ್ಲಿ ಏಳೂವರೆ ರೂಪಾಯಿ ತರೋ ಗಿರಾಕಿಗೆ ಅಂಗಡಿಯಲ್ಲಿ ಯಾವ ಮರ್ಯಾದೆ ಸಿಗುತ್ತೋ ಗೇಮ್ ಆಡೋ ಹುಡುಗರಿಗೂ ಅದೇ ಸಿಗ್ತಿದೆ. ಎಐಗೆ ಮೆಮೊರಿ ಚಿಪ್ಪುಗಳು ಹರಿದು ಹೋಗಿ ರ‍್ಯಾಮ್ ಬೆಲೆಯೂ ಏರಿತು. ಕ್ರೂಶಿಯಲ್ ಹೆಸರಿನಲ್ಲಿ ಮನೆ ಕಂಪ್ಯೂಟರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್, ಆ ವ್ಯಾಪಾರವನ್ನೇ ಮುಚ್ಚೋದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಹಾಗಾಗಿ ಈ ಬಾರಿ ತಮ್ಮನಿಗೆ “ತಡಿ” ಅನ್ನಲಿಲ್ಲ.

ಯಾವ ಕಾರ್ಡ್ ಅನ್ನೋದು ಆಮೇಲಿನ ಮಾತು. “ಡಬ್ಬಿ ಬಿಚ್ಚಿ ಪವರ್ ಸಪ್ಲೈ ಮ್ಯಾಲ ಏನ್ ಬರದದ ನೋಡು” ಅಂದೆ. 240 ವ್ಯಾಟ್ ಅಂತಿತ್ತು. ಕಾರ್ಡಿಗೆ ಕೊಡೋ ಪ್ರತ್ಯೇಕ ವೈರ್ ಇರಲಿಲ್ಲ. ಇಂಥ ಆಫೀಸ್ ಡಬ್ಬಿಗಳಲ್ಲಿ ಬಹುತೇಕ ಇದೇ ಕಥೆ. ಮದರ್‌ಬೋರ್ಡಿನ ಸ್ಲಾಟ್ ಕೊಡಬಲ್ಲದ್ದು ಹೆಚ್ಚೆಂದರೆ 75 ವ್ಯಾಟ್. ಅಂದ ಮೇಲೆ ಯೂಟ್ಯೂಬಿನಲ್ಲಿ ‘ಬೆಸ್ಟ್ ಬಜೆಟ್’ ಅಂತ ಹೊಗಳೋ ಅರ್ಧ ಕಾರ್ಡುಗಳು ಇವನಿಗೆ ಬರೋದೇ ಇಲ್ಲ. ರೇಡಿಯಾನ್ ಆರ್‌ಎಕ್ಸ್ 6600ಕ್ಕೆ 132 ವ್ಯಾಟ್ ಬೇಕು, ಆರ್‌ಟಿಎಕ್ಸ್ 5050ಕ್ಕೆ 130, ಇಂಟೆಲ್‌ನ ಆರ್ಕ್ ಬಿ580ಗೆ 190. ಹೊಸದಾಗಿ ಡಬ್ಬಿ ಕಟ್ಟಿಸೋರಿಗೆ ಇವು ಒಳ್ಳೆಯವೇ. ಅದರಲ್ಲೂ 12 ಜಿಬಿ ಮೆಮೊರಿಯ ಬಿ580 ಆ ಬೆಲೆಗೆ ನಿಜವಾಗಿಯೂ ದೊಡ್ಡ ಕಾರ್ಡ್. ಆದರೆ ರೀಸೈಜಬಲ್ ಬಾರ್ ಅನ್ನೋ ಸೌಲಭ್ಯ ಇಲ್ಲದ ಹಳೇ ಬೋರ್ಡಿಗೆ ಅದನ್ನು ಹಾಕಿದರೆ ಕುಂಟುತ್ತದೆ.

75 ವ್ಯಾಟಿನೊಳಗೆ ಉಳಿದದ್ದು ಮೂರ್ನಾಲ್ಕು. ಹಳೇ ಜಿಟಿಎಕ್ಸ್ 1050 ಟಿಐ ಈಗಲೂ ಅಗ್ಗಕ್ಕೆ ಸಿಗುತ್ತದೆ, ಆದರೆ ಆ ತಲೆಮಾರಿನ ಕಾರ್ಡುಗಳಿಗೆ ಹೊಸ ಗೇಮ್‌ಗಳ ಡ್ರೈವರ್ ಕೊಡೋದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ಮುಗಿಸಿತು. ಇನ್ನು ಭದ್ರತೆಯ ಅಪ್‌ಡೇಟ್ ಮಾತ್ರ. ಅದೇ ತಿಂಗಳು 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗೀತು. ಬಡವರ ಮನೆಯ ಕಂಪ್ಯೂಟರು ಕೆಡದೇನೇ ಹಳತಾಗೋದು ಹೀಗೆ. ಆರ್‌ಎಕ್ಸ್ 6400 ಹಳೇ ಬೋರ್ಡಿನಲ್ಲಿ ಇನ್ನಷ್ಟು ನಿಧಾನ. ಮೇಲಾಗಿ ಅದರಲ್ಲಿ ವಿಡಿಯೋ ಎನ್‌ಕೋಡರ್ ಇಲ್ಲ, ಎಡಿಟಿಂಗ್ ಮಾಡೋನಿಗೆ ಅದು ದಂಡ. ಕೊನೆಗೆ ನಿಂತದ್ದು ಆರ್‌ಟಿಎಕ್ಸ್ 3050ಯ 6 ಜಿಬಿ ಕಾರ್ಡ್: 70 ವ್ಯಾಟ್, ಹೆಚ್ಚಿನ ವೈರ್ ಬೇಡ, ಎನ್‌ಕೋಡರ್ ಇದೆ, ಮುಂದೆ ಬ್ಲೆಂಡರ್, ಕೂಡಾ ಕಲೀತೀನಿ ಅಂದರೂ ಆಗುತ್ತದೆ. ಅದೇ 3050 ಹೆಸರಿನಲ್ಲಿ 8 ಜಿಬಿಯ ಹಳೇ ಕಾರ್ಡ್ ಬೇರೆ ಇದೆ, ಅದಕ್ಕೆ 130 ವ್ಯಾಟ್. ಎರಡರ ಒಳಗಿನ ಶಕ್ತಿಯೂ ಬೇರೆ, ಮೆಮೊರಿ ಮಾತ್ರ ಅಲ್ಲ. ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರಿಟ್ಟು ಮಾರೋದನ್ನು ಗ್ರಾಹಕರ ಕಾನೂನು ಯಾಕೆ ಕೇಳಲ್ಲವೋ.

“ಆನ್‌ಲೈನ್‌ದಾಗ ಆರ್‌ಎಕ್ಸ್ 580, 8 ಜಿಬಿ ಭಾಳ ಸೋವಿ ಅದ ಅಣ್ಣಾ” ಅಂದ. 2017ರ ಕಾರ್ಡ್, 185 ವ್ಯಾಟ್, ಹೀಗೆ ಸೋವಿಗೆ ಬರೋವು ಹೆಚ್ಚಿನಂಶ ಮೈನಿಂಗಿನಲ್ಲಿ ವರ್ಷಗಟ್ಟಲೆ ಬೆಂದು ಬಂದವು. ಬೇಡವೇ ಬೇಡ ಅಂದೆ. ಇನ್ನು ಕೆಲವು ಮಾರಾಟಗಾರರು ಹತ್ತು ವರ್ಷಕ್ಕೂ ಹಳೆಯ ಕಾರ್ಡಿನ ಬಯೋಸ್ ತಿದ್ದಿ 1050 ಟಿಐ ಅಂತ ಹೆಸರು ಬರೋ ಹಾಗೆ ಮಾಡಿರ್ತಾರೆ. ಜಿಪಿಯು-ಝಡ್ ಅನ್ನೋ ಪುಕ್ಕಟೆ ತಂತ್ರಾಂಶ ಇಂಥ ನಕಲಿಯನ್ನು ಬಹುಮಟ್ಟಿಗೆ ಹಿಡಿದುಕೊಡುತ್ತದೆ.

ಇನ್ನು ಕರೆಂಟು. ನಾನು ಕೇಳಬೇಕಂತಿದ್ದೆ, ಅಷ್ಟರಲ್ಲಿ ಹಿಂದಿನಿಂದ ಚಿಕ್ಕಮ್ಮನ ದನಿ: “ಬಿಲ್ ಬರ್ತದೇನು ಕೇಳು ಅವನಿಗೆ.” ಗೃಹಜ್ಯೋತಿಗೆ ಚಾಲನೆ ಸಿಕ್ಕಿದ್ದು ನಮ್ಮ ಪಕ್ಕದ ಕಲಬುರಗಿಯಲ್ಲೇ, 2023ರ ಆಗಸ್ಟ್ 5ರಂದು. 200 ಯೂನಿಟ್ ಫ್ರೀ ಅಂತ ಬಾಯಿಮಾತು. ನಿಜ ಲೆಕ್ಕ ಬೇರೆ: 2022-23ರಲ್ಲಿ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿದಷ್ಟು ಮಾತ್ರ ಉಚಿತ. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ದಿನಕ್ಕೆ ನಾಲ್ಕು ತಾಸಿನಂತೆ ತಿಂಗಳಿಗೆ 120 ತಾಸು ಆಡಿದರೆ 70 ವ್ಯಾಟಿನ ಕಾರ್ಡಿಗೇ ಎಂಟೂವರೆ ಯೂನಿಟ್, 190 ವ್ಯಾಟಿನದಕ್ಕೆ ಸುಮಾರು 23. ಉಳಿದ ಡಬ್ಬಿ, ಮಾನಿಟರ್ ಸೇರಿ ನೂರು ವ್ಯಾಟ್ ಅಂತ ಹಿಡಿದರೆ ಇನ್ನೂ 12. ಮೂರು ಬಲ್ಬು, ಎರಡು ಫ್ಯಾನು, ಒಂದು ಟಿವಿ ಇದ್ದ ಮನೆಯ ಹಳೇ ಸರಾಸರಿಯ ಮೇಲೆ ಇಷ್ಟು ಬಿದ್ದರೆ ಜೀರೋ ಬಿಲ್ ಉಳಿಯಲ್ಲ. ಯೋಜನೆಯನ್ನು ನಾನು ಟೀಕಿಸುತ್ತಿಲ್ಲ, ನಮ್ಮ ಕಡೆ ಎಷ್ಟೋ ಮನೆಗೆ ಅದು ಉಸಿರು ಕೊಟ್ಟಿದೆ. ಆದರೆ ಕಡಿಮೆ ಬಳಸಿದ ಮನೆಗೆ ಕಡಿಮೆಯೇ ಉಚಿತ ಅನ್ನೋ ಲೆಕ್ಕದಲ್ಲಿ, ಮೊದಲ ಸಲ ಕಂಪ್ಯೂಟರ್ ತಂದ ಮನೆಗೇ ಪೆಟ್ಟು ಬೀಳುತ್ತದೆ.

ಬಿಸಿಲಿನ ಮಾತು ಯಾವ ರಿವ್ಯೂದಲ್ಲೂ ಬರಲ್ಲ. ಎಸಿ ಕೋಣೆಯಲ್ಲಿ ಕೂತು ಕಾರ್ಡ್ ಅಳೀತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಯಾದಗಿರಿ, ಶಹಾಪುರದಲ್ಲಿ 42 ಡಿಗ್ರಿ ಅನ್ನೋದು ಸುದ್ದಿಯೇ ಅಲ್ಲ. ತಗಡಿನ ಮನೆಯೊಳಗೆ ಕೇಳಲೇಬೇಡಿ. ಕೋಣೆ ಎಷ್ಟು ಕಾಯುತ್ತೋ ಕಾರ್ಡೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಕಾಯುತ್ತದೆ, ಮಿತಿ ಮುಟ್ಟಿದ ಮೇಲೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಜತೆಗೆ ಧೂಳು. ಕಡಿಮೆ ವ್ಯಾಟಿನ ಕಾರ್ಡ್ ಅಂತ ನಾನು ಹಟ ಹಿಡಿಯೋದು ಇದಕ್ಕೂ ಹೌದು.

ಎಲ್ಲಿ ಕೊಳ್ಳೋದು? ಬೆಂಗಳೂರಿನ ಎಸ್.ಪಿ. ರೋಡ್ ಸುಮಾರು 500 ಕಿ.ಮೀ. ದೂರ. ಹೈದರಾಬಾದ್ ಅದಕ್ಕಿಂತ ಬಹಳ ಹತ್ತಿರ, ಅಲ್ಲಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಇದೆ. ರಾಜಧಾನಿ ಯಾವುದೇ ಇರಲಿ, ಬಿಡಿಭಾಗಕ್ಕೆ ನಮ್ಮ ಹುಡುಗರು ಇವತ್ತಿಗೂ ಹತ್ತುವುದು ಹೈದರಾಬಾದ್ ಬಸ್ಸೇ. ಬಹುತೇಕ ಕಂಪನಿಗಳ ಸರ್ವಿಸ್ ಸೆಂಟರ್ ಇರೋದೂ ಇಂಥ ದೊಡ್ಡ ಊರುಗಳಲ್ಲೇ. ಆದ್ದರಿಂದ ಐನೂರು ರೂಪಾಯಿ ಉಳಿಸಲು ಬಿಲ್ ಇಲ್ಲದ ಕಾರ್ಡ್ ತರಬಾರದು. ಮೂರು ವರ್ಷದ ವಾರಂಟಿ, ಸೀರಿಯಲ್ ನಂಬರ್ ಹೊಂದುವ ಜಿಎಸ್‌ಟಿ ಬಿಲ್, ಎರಡೂ ಕೈಯಲ್ಲಿರಬೇಕು.

ಆ ಬಿಲ್ಲಿನಲ್ಲೇ ಇನ್ನೊಂದು ವಿಷಯ ಇದೆ. ₹20,000ದ ಕಾರ್ಡಿನಲ್ಲಿ ಶೇ 18ರ ಜಿಎಸ್‌ಟಿ ಸುಮಾರು ₹3,050. ಅತ್ತ 2024ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ₹10,372 ಕೋಟಿಯ ಇಂಡಿಯಾ ಎಐ ಮಿಷನ್‌ನಲ್ಲಿ 38 ಸಾವಿರದಷ್ಟು ಜಿಪಿಯುಗಳನ್ನು ಸ್ಟಾರ್ಟಪ್, ಸಂಶೋಧಕರಿಗೆ ತಾಸಿಗೆ ₹65ರ ರಿಯಾಯಿತಿ ದರದಲ್ಲಿ ಕೊಡ್ತಾರೆ. ನಮ್ಮ ಹುಡುಗ ಕಟ್ಟಿದ ತೆರಿಗೆಗೆ ಅಲ್ಲಿ 47 ತಾಸು ಸಿಗುತ್ತದೆ. ಆದರೆ ಅವನು ಸ್ಟಾರ್ಟಪ್ ಅಲ್ಲ. ಎಐಗೆ ಸಬ್ಸಿಡಿ ಬೇಡ ಅಂತ ನನ್ನ ವಾದವಲ್ಲ. ಒಂದೇ ಬಗೆಯ ಚಿಪ್ ಬೆಂಗಳೂರಿನಲ್ಲಿ ‘ರಾಷ್ಟ್ರೀಯ ಸಾಮರ್ಥ್ಯ’ ಆಗಿ, ಸುರಪುರದಲ್ಲಿ ‘ಶೋಕಿ’ ಯಾಕಾಗಬೇಕು?

ಎಎಂಡಿ ತನ್ನ ಜಗತ್ತಿನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಎನ್‌ವಿಡಿಯಾ, ಇಂಟೆಲ್ ಕೂಡ ಅಲ್ಲಿವೆ. ದೇಶದ ಗೇಮ್ ಉದ್ಯಮದ ಮೊದಲಿಗರಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಶುರುವಾದದ್ದೂ ಅಲ್ಲೇ, 2019ರಲ್ಲಿ ಅದನ್ನು ಕೊಂಡದ್ದು ಜಿಟಿಎ ಮಾಡೋ ರಾಕ್‌ಸ್ಟಾರ್. ರಾಜ್ಯಕ್ಕೆ ಅನಿಮೇಷನ್, ಗೇಮಿಂಗ್‌ಗೆ ಅಂತಲೇ 2024-29ರ ನೀತಿಯಿದೆ. ಇದೇ ರಾಜ್ಯದ ಯಾದಗಿರಿಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ 51.83, ಎಲ್ಲಕ್ಕಿಂತ ಕಡಿಮೆ. 2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲೂ ಕೊನೆಯ ಜಿಲ್ಲೆ. 371ಜೆ ನಮಗೆ ಸೀಟು ಕೊಡಿಸುತ್ತದೆ, ಸೀಟಿನ ಮುಂದಿನ ಕಂಪ್ಯೂಟರ್ ಯಾರು ಕೊಡಬೇಕು? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ ₹5,000 ಕೋಟಿ ಅಂತ ಬಜೆಟ್ ಹೇಳುತ್ತದೆ. ಅದರಲ್ಲಿ ಮೂರು ತಾಲೂಕಿನ ಸರ್ಕಾರಿ ಕಾಲೇಜಿಗೆ ಗ್ರಾಫಿಕ್ಸ್ ಕಾರ್ಡ್ ಇರೋ ಇಪ್ಪತ್ತಿಪ್ಪತ್ತು ಕಂಪ್ಯೂಟರ್, ಸಂಜೆ ಎಂಟರವರೆಗೆ ತೆರೆದ ಲ್ಯಾಬ್ ಕೇಳೋದು ದೊಡ್ಡ ಬೇಡಿಕೆಯಲ್ಲ. ಕಟ್ಟಡಕ್ಕೆ ದುಡ್ಡು ಬಂದಷ್ಟು ಸಲೀಸಾಗಿ ಇದಕ್ಕೆ ಬರಲ್ಲ ಅಷ್ಟೇ, ಕಾಂಟ್ರ್ಯಾಕ್ಟ್ ಇರೋದು ಕಟ್ಟಡದಲ್ಲಲ್ಲವೇ.

ಗೇಮ್ ಅಂದರೆ ಚಿಕ್ಕಪ್ಪನಿಗೆ ನೆನಪಾಗೋದು ಮೊಬೈಲಿನಲ್ಲಿ ರಮ್ಮಿ ಆಡಿ ಸಾಲ ಮಾಡಿಕೊಂಡವರು. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ನಿಷೇಧಿಸಿತು, ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯನ್ನೂ ಕೊಟ್ಟಿತು ಅಂತ ಅವರಿಗೆ ವಿವರಿಸಿದೆ. “ಇದ್ರಾಗ ರೊಕ್ಕ ಹಚ್ಚೋದು ಇಲ್ಲಂದ್ರ ಆಡ್ಲಿ ಬಿಡು” ಅಂದರು.

ತಮ್ಮನಿಗೆ ಹೇಳಿದ್ದು ಇಷ್ಟು: 3050ಯ 6 ಜಿಬಿ ತಗೋ, ಡಬ್ಬಿ ಚಿಕ್ಕದಿದ್ದರೆ ಗಿಡ್ಡ ಮಾದರಿಯದೇ ಕೇಳು. ಮಿಕ್ಕ ದುಡ್ಡು ಯುಪಿಎಸ್‌ಗೆ ಇಡು. ಮುಂದಿನ ವಾರ ಹೈದರಾಬಾದಿಗೆ ಹೊರಟಿದ್ದಾನೆ, ಜತೆಗೆ ಶಹಾಪುರದ ಇಬ್ಬರು ಗೆಳೆಯರು. ಅವರಿಗೂ ಒಂದೊಂದು ಕಾರ್ಡ್ ಬೇಕಂತೆ, ಒಬ್ಬನ ಬಳಿ ಇರೋದು ಬರೀ ಎಂಟು ಸಾವಿರ. ಅವನಿಗೆ ಕಾರ್ಡ್ ಬೇಡ, ಒಳಗೇ ಗ್ರಾಫಿಕ್ಸ್ ಇರೋ ರೈಝೆನ್ 5600ಜಿ ಥರದ ಪ್ರೊಸೆಸರ್ ಕೊಳ್ಳುವಷ್ಟು ದುಡ್ಡು ಕೂಡೋವರೆಗೆ ಕೈ ಕಟ್ಟಿಕೊಂಡಿರು ಅಂತ ಹೇಳು ಅಂದಿದ್ದೇನೆ.