ಬಣ್ಣಕ್ಕೂ ಅಮಲಿಗೂ ನಂಟಿಲ್ಲ

ಬಿಯರ್ ಕಪ್ಪಾದಷ್ಟೂ ಅಮಲು ಜಾಸ್ತಿ, ಹೊಸಬರು ತಿಳಿಬಣ್ಣದ್ದನ್ನೇ ಕುಡಿಯುವುದು ಕ್ಷೇಮ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಇದು ಬರೀ ತಪ್ಪಲ್ಲ, ಅಪಾಯದ ಸಲಹೆ. ಡಬ್ಲಿನ್ನಿನ ಕಪ್ಪು ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೋಹಾಲ್ ಇರುವುದು ಶೇ. 4.2ರಷ್ಟು ಮಾತ್ರ. ಬೆಲ್ಜಿಯಂನ ಹೊಂಬಣ್ಣದ ಡುವೆಲ್‌ನಲ್ಲಿ ಶೇ. 8.5. ನಮ್ಮ ಬಾರುಗಳಲ್ಲಿ 'ಸ್ಟ್ರಾಂಗ್' ಎಂದು ಮಾರುವ ಬಿಯರುಗಳೂ ಬಹುತೇಕ ತಿಳಿಹಳದಿಯೇ.

ಮನೆಯಲ್ಲಿ ಬಿಯರ್ ತಯಾರಿಸುವವರಿಗೆ ಇದು ಮೊದಲ ಪಾಠ. ಕಪ್ಪಗೆ ಹುರಿದ ಬಾರ್ಲಿ ಒಂದೆರಡು ಹಿಡಿ ಬಿದ್ದರೆ ಸಾಕು, ಪಾತ್ರೆಯ ರಸವೆಲ್ಲ ಡಿಕಾಕ್ಷನ್ನಿನಂತೆ ಕಪ್ಪಾಗುತ್ತದೆ. ಅದರಲ್ಲಿ ತೇಲಿಬಿಟ್ಟ ಹೈಡ್ರೋಮೀಟರ್ ಮಾತ್ರ ಹೆಚ್ಚುಕಡಿಮೆ ಮೊದಲಿದ್ದಲ್ಲೇ ನಿಂತಿರುತ್ತದೆ. ಅದು ತೋರಿಸುವುದು ಕರಗಿದ ಸಕ್ಕರೆಯ ಪ್ರಮಾಣವನ್ನು. ಯೀಸ್ಟ್ ಆಲ್ಕೋಹಾಲ್ ಮಾಡುವುದೂ ಆ ಸಕ್ಕರೆಯಿಂದಲೇ, ಬಣ್ಣದಿಂದಲ್ಲ. ಹುದುಗು ಮುಗಿದಾಗ ಸಾಂದ್ರತೆ 1.040ರಿಂದ 1.010ಕ್ಕೆ ಇಳಿದಿದ್ದರೆ ಆಲ್ಕೋಹಾಲ್ ಸುಮಾರು ಶೇ. 4, ಬಿಯರ್ ಕಪ್ಪಿದ್ದರೂ ಅಷ್ಟೇ, ಹಳದಿಯಿದ್ದರೂ ಅಷ್ಟೇ.

ಕಪ್ಪು ಬಿಯರಿನಲ್ಲಿ ಸಿಗುವ ಸುಟ್ಟ ಕಹಿ, ಕಾಫಿಯ ಘಮ ಹುರಿದ ಕಾಳಿನದು. ಅದನ್ನೇ ಅಮಲೆಂದು ಹೆದರಿಸಿ ಓದುಗರನ್ನು ಒಂದು ಒಳ್ಳೆಯ ರುಚಿಯಿಂದ ದೂರವಿಡುವುದು ಅನ್ಯಾಯ. ದಯವಿಟ್ಟು ಬಣ್ಣ ನೋಡಿ ಅಳತೆ ಹಾಕಬೇಡಿ. ಬಾಟಲಿಯ ಲೇಬಲ್ಲಿನಲ್ಲಿ ಆಲ್ಕೋಹಾಲಿನ ಪ್ರಮಾಣ ಅಚ್ಚಾಗಿರುತ್ತದೆ; ಮುಚ್ಚಳ ತೆಗೆಯುವ ಮೊದಲು ಅದನ್ನು ಓದಿ.